ಹಾಡು ಕ್ರಯಕ್ಕೋ, ಚೇಣಿಗೋ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸ್ವಂತ ಹಾಡು ಕಟ್ಟುವ ಬ್ಯಾಂಡ್‌ಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವು. ಬರೆದವರ ಹೆಸರನ್ನೂ ಕಂಪನಿಗಳ ಹೆಸರನ್ನೂ ಬಿಟ್ಟಿದ್ದೇವೆ.

ನಾವು ನಾಲ್ಕು ಜನ. ಕನ್ನಡದಲ್ಲೇ ಆಲ್ಟರ್ನೇಟಿವ್ ರಾಕ್ ಮಾಡ್ತೀವಿ. ಒಂದು ಆಡಿಯೋ ಕಂಪನಿಯವರು 8 ಹಾಡಿನ ಆಲ್ಬಂಗೆ 11 ಪುಟದ ಕರಾರು ಕಳಿಸಿದ್ದಾರೆ, ಪ್ರತಿ ಜೊತೆಗಿದೆ. 2 ಲಕ್ಷ ಮುಂಗಡ, ಶೇ 20 ರಾಯಲ್ಟಿ. ವಿಡಿಯೋಗೆ ಒಂದೂವರೆ ಲಕ್ಷ, ಪ್ರಚಾರಕ್ಕೆ 50 ಸಾವಿರ ಅವರೇ ಹಾಕ್ತಾರಂತೆ. 'ಕಲಾವಿದರ ಸೃಜನಶೀಲ ಸ್ವಾತಂತ್ರ್ಯವನ್ನು ಕಂಪನಿ ಗೌರವಿಸುತ್ತದೆ' ಅಂತ ಮೊದಲ ಪುಟದಲ್ಲೇ ಇದೆ. ಸಹಿ ಹಾಕಬಹುದಾ?
— ಒಂದು ಬ್ಯಾಂಡ್, ಚಿಕ್ಕಮಗಳೂರು

ಈಗಿರುವ ಹಾಗೆ ಬೇಡ. ಮೊದಲ ಪುಟದ ಆ ಸಾಲು ಓದಲು ಚೆನ್ನಾಗಿದೆ, ಆದರೆ ಜಗಳ ಬಂದ ದಿನ ಅದು ನಿಮ್ಮ ಕೈ ಹಿಡಿಯುವುದಿಲ್ಲ. ನಿಮ್ಮ ಸ್ವಾತಂತ್ರ್ಯ ತೀರ್ಮಾನವಾಗಿರುವುದು 3, 5, 6 ಮತ್ತು 9ನೇ ಪುಟಗಳಲ್ಲಿ.

3ನೇ ಪುಟದಲ್ಲಿ 'ಅಸೈನ್' ಎಂಬ ಪದ, ಅದರ ಬೆನ್ನಿಗೇ 'ಇನ್ ಪರ್ಪೆಚುಯಿಟಿ', ಅಂದರೆ ಶಾಶ್ವತವಾಗಿ. ಅಡಿಕೆ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ. ತೋಟವನ್ನು ಚೇಣಿಗೆ ಕೊಟ್ಟರೆ ಚೇಣಿದಾರ ಫಸಲು ಕೊಯ್ದುಕೊಂಡು ಹೋಗುತ್ತಾನೆ, ಪಹಣಿಯಲ್ಲಿ ನಿಮ್ಮ ಹೆಸರೇ ಉಳಿಯುತ್ತದೆ. ಕ್ರಯಪತ್ರ ಬರೆದುಕೊಟ್ಟ ಮೇಲೆ ಬೇಲಿ ದಾಟಿ ಒಂದು ಹಾಳೆ ಎತ್ತಿಕೊಳ್ಳಲೂ ಕೇಳಬೇಕು. ಅಸೈನ್ ಅಂದರೆ ಕ್ರಯ, ಲೈಸೆನ್ಸ್ ಅಂದರೆ ಚೇಣಿ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ನಿಮ್ಮ ಬ್ಯಾಂಡ್ ಒಡೆದು, ನೀವೆಲ್ಲ ಅಜ್ಜಂದಿರಾದ ಮೇಲೂ ಮಾಸ್ಟರ್, ಅಂದರೆ ಹಾಡಿನ ಮೂಲ ಮುದ್ರಣ, ಅವರ ಬೀರುವಿನಲ್ಲೇ.

1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಇಲ್ಲಿ ಸ್ವಲ್ಪ ರಕ್ಷಣೆ ಕೊಡುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕು ಪಡೆದವರು 1 ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆಯೇ ಬಿದ್ದುಹೋಗುತ್ತದೆ. ಆದರೆ ಪತ್ರದಲ್ಲಿ ಬೇರೆ ರೀತಿ ಬರೆದಿದ್ದರೆ ಈ ರಕ್ಷಣೆ ಇಲ್ಲ. ನಿಮ್ಮ ಕರಾರು ಬರೆದ ವಕೀಲರಿಗೆ ಇದು ಚೆನ್ನಾಗಿ ಗೊತ್ತು: '19ನೇ ಕಲಮಿನ 4ನೇ ಉಪಕಲಂ ಅನ್ವಯಿಸದು' ಎಂದು ಒಂದೇ ಸಾಲು ತೂರಿಸಿದ್ದಾರೆ. ಆಲ್ಬಂ ಬಿಡುಗಡೆ ಮಾಡದೆ ಹಾಗೇ ಇಟ್ಟುಕೊಂಡರೂ ಕೇಳುವಂತಿಲ್ಲ ಎಂದು ಅದರ ಅರ್ಥ.

5ನೇ ಪುಟ ಇನ್ನೂ ಮುಖ್ಯ. ನೀವು ಒಪ್ಪಿಸುವ ಮಾಸ್ಟರ್ 'ಕಮರ್ಷಿಯಲಿ ಸ್ಯಾಟಿಸ್‌ಫ್ಯಾಕ್ಟರಿ' ಆಗಿರಬೇಕು ಎಂದಿದೆ. ಈ ಎರಡು ಪದದ ಮೇಲೆ ಎಂತೆಂಥವರಿಗೋ ಏಟು ಬಿದ್ದಿದೆ. 1983ರಲ್ಲಿ ಗೆಫೆನ್ ಕಂಪನಿ ಗಾಯಕ ನೀಲ್ ಯಂಗ್ ಮೇಲೆ ದಾವೆ ಹೂಡಿದ್ದು, ಅವರು ಕೊಟ್ಟ ಆಲ್ಬಂಗಳು ವ್ಯಾಪಾರಕ್ಕೆ ಹೊಂದುವುದಿಲ್ಲ, ಅವರದೇ ಹಳೆಯ ಸಂಗೀತದ ಹಾಗೂ ಇಲ್ಲ ಎಂದು! 2001ರಲ್ಲಿ ವಿಲ್ಕೋ ಬ್ಯಾಂಡ್ ಒಪ್ಪಿಸಿದ 'ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್' ಆಲ್ಬಮನ್ನು ಅವರ ಕಂಪನಿ ರಿಪ್ರೀಸ್ ಬೇಡವೆಂದಿತು. ಬ್ಯಾಂಡಿನವರ ಪುಣ್ಯ, ಮಾಸ್ಟರ್ ಕೈಯಲ್ಲಿ ಹಿಡಿದುಕೊಂಡೇ ಹೊರಬಂದರು. ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿ ಕೇಳಿಸಿದರು, 2002ರ ಏಪ್ರಿಲ್‌ನಲ್ಲಿ ನಾನ್‌ಸಚ್ ಎಂಬ ಇನ್ನೊಂದು ಕಂಪನಿ ಅದನ್ನು ಬಿಡುಗಡೆ ಮಾಡಿತು. ತಮಾಷೆ ಏನೆಂದರೆ ರಿಪ್ರೀಸ್, ನಾನ್‌ಸಚ್ ಎರಡೂ ಒಂದೇ ಮನೆಯವು. ಬೇಡವೆಂದ ಸರಕಿಗೆ ಆ ಮನೆ ಎರಡು ಸಲ ದುಡ್ಡು ಕೊಟ್ಟಂತಾಯಿತು. ಮಾಸ್ಟರ್ ಕೈಗೆ ಸಿಗದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಿಮ್ಮ ಪತ್ರದಲ್ಲಿ ಆ ಪದ ಹೊಡೆದು 'ಟೆಕ್ನಿಕಲಿ ಸ್ಯಾಟಿಸ್‌ಫ್ಯಾಕ್ಟರಿ' ಎಂದು ಬರೆಸಿ. ಶಬ್ದ ಒಡೆದಿದೆ, ಕಡತ ಕೆಟ್ಟಿದೆ ಎಂದು ವಾಪಸ್ ಕಳಿಸಲಿ, ತಪ್ಪಿಲ್ಲ. 'ಒಂದು ಡ್ಯಾನ್ಸ್ ಹಾಡು ಹಾಕಿ' ಅನ್ನಲು ಆಗ ದಾರಿ ಇರುವುದಿಲ್ಲ.

ಈಗ 6ನೇ ಪುಟದ ದುಡ್ಡು. 'ಅವರೇ ಹಾಕ್ತಾರಂತೆ' ಎಂದು ಬರೆದಿದ್ದೀರಿ. ಅವರು ಹಾಕಿ, ನಿಮ್ಮ ಪಾಲಿನಿಂದ ಮುರಿದುಕೊಳ್ಳುತ್ತಾರೆ ಎಂದು ಅಲ್ಲಿದೆ. ಮುಂಗಡ 2 ಲಕ್ಷ, ವಿಡಿಯೋ ಒಂದೂವರೆ ಲಕ್ಷ, ಪ್ರಚಾರ 50 ಸಾವಿರ, ಒಟ್ಟು 4 ಲಕ್ಷ. ಇದು ವಸೂಲಾಗಬೇಕಾದದ್ದು ಒಟ್ಟು ಆದಾಯದಿಂದಲ್ಲ, ನಿಮ್ಮ ಶೇ 20ರಿಂದ. ಅಂದರೆ ಕಂಪನಿಗೆ 20 ಲಕ್ಷ ಬಂದ ಮೇಲಷ್ಟೇ ನಿಮಗೆ ರಾಯಲ್ಟಿಯ ಮೊದಲ ರೂಪಾಯಿ. ಅಷ್ಟರಲ್ಲಿ ಅವರು ಹಾಕಿದ್ದು ಕಳೆದು 16 ಲಕ್ಷ ಉಳಿಸಿಕೊಂಡಿರುತ್ತಾರೆ. ಒಂದು ಸಲ ಹಾಡು ಕೇಳಿದರೆ 10 ಪೈಸೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೂ 2 ಕೋಟಿ ಸಲ ಕೇಳಬೇಕು. ಆ 2 ಲಕ್ಷದಲ್ಲೇ ಸ್ಟುಡಿಯೋ ಬಾಡಿಗೆ, ಮಿಕ್ಸಿಂಗ್, ಮಾಸ್ಟರಿಂಗ್ ಎಲ್ಲ ಮುಗಿಯಬೇಕೆಂದೂ ಇದೆ. ಮುಂಗಡ ಅಂದರೆ ಸಂಬಳವಲ್ಲ, ಕೈಸಾಲ.

9ನೇ ಪುಟದ 'ಮೂರು ಆಪ್ಷನ್' ಅಂದರೆ ಮುಂದಿನ ಮೂರು ಆಲ್ಬಂ ಬೇಕೋ ಬೇಡವೋ ಎಂದು ಅವರು ಮಾತ್ರ ಹೇಳಬಹುದು. ಎರಡು ವರ್ಷಕ್ಕೊಂದು ಆಲ್ಬಂ ಅಂದರೂ ಎಂಟು ವರ್ಷ ನೀವು ಬೇರೆಡೆ ಹಾಡುವಂತಿಲ್ಲ.

ಹಾಗೆಂದು ಕಂಪನಿಯೇ ಬೇಡ ಎನ್ನುವುದಿಲ್ಲ. ಹೀಗೆ ಕೇಳಿ: ಅಸೈನ್ ಬದಲು 5ರಿಂದ 7 ವರ್ಷದ ಎಕ್ಸ್‌ಕ್ಲೂಸಿವ್ ಲೈಸೆನ್ಸ್, ಮಾಸ್ಟರ್ ಒಪ್ಪಿಸಿದ 6 ತಿಂಗಳೊಳಗೆ ಬಿಡುಗಡೆಯಾಗದಿದ್ದರೆ ಹಕ್ಕು ವಾಪಸ್, ವಿಡಿಯೋ ಖರ್ಚಿನ ಅರ್ಧ ಮಾತ್ರ ಮುರಿತಕ್ಕೆ, ವರ್ಷಕ್ಕೊಮ್ಮೆ ಲೆಕ್ಕ ನೋಡುವ ಅಧಿಕಾರ, ಆಪ್ಷನ್ ಒಂದೇ, ಅದೂ ಮೊದಲ ಆಲ್ಬಂ ಹೊರಬಂದ 6 ತಿಂಗಳೊಳಗೆ ಹೇಳದಿದ್ದರೆ ರದ್ದು. ಎಲ್ಲ ಒಪ್ಪುವುದಿಲ್ಲ. ಚೌಕಾಸಿಯಲ್ಲಿ ಬಿಡಬೇಕಾಗಿ ಬಂದರೆ ಮುಂಗಡ ಬಿಡಿ, ಶೇಕಡಾವಾರು ಬಿಡಿ, ಅವಧಿಯನ್ನು ಬಿಡಬೇಡಿ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡಿ ಕೆಡುತ್ತಾರೆ: ಮುಂಗಡ ಎರಡರಿಂದ ಮೂರು ಲಕ್ಷಕ್ಕೇರಿತು ಎಂದು ಹಿಗ್ಗಿ 60 ವರ್ಷ ಬರೆದುಕೊಡುತ್ತಾರೆ.

ಒಂದು ವಿಷಯಕ್ಕೆ ಮಾತ್ರ ಹೆದರಬೇಡಿ. ಸಾಹಿತ್ಯ ಬರೆದವರು, ರಾಗ ಹಾಕಿದವರು ರಾಯಲ್ಟಿಯ ಸಮಪಾಲು ಕೇಳುವ ಹಕ್ಕನ್ನು 2012ರ ತಿದ್ದುಪಡಿಯ ನಂತರ ಯಾವ ಕಂಪನಿಯೂ ಬರೆಸಿಕೊಳ್ಳುವಂತಿಲ್ಲ. ವಾರಸುದಾರರಿಗೆ ಇಲ್ಲವೇ ಕೃತಿಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಬರೆಸಿಕೊಂಡರೂ ಊರ್ಜಿತವಲ್ಲ. ಆದರೆ ಆ ದುಡ್ಡು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. 1969ರಲ್ಲಿ ಶುರುವಾದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸಂಘದ ಸದಸ್ಯರಾಗಿ, ಒಂದೊಂದು ಹಾಡನ್ನೂ ಅಲ್ಲಿ ದಾಖಲಿಸಬೇಕು.

ಕಾಲೇಜಲ್ಲಿ ಐದು ಜನ ಸೇರಿ 4 ಹಾಡು ರೆಕಾರ್ಡ್ ಮಾಡಿಸಿದ್ವಿ. ದುಡ್ಡು ನಾವೇ ಕೊಟ್ಟಿದ್ದು. ಈಗ ಬ್ಯಾಂಡ್ ಒಡೆದಿದೆ. ಸ್ಟುಡಿಯೋದವರು 'ಪ್ರೊಡ್ಯೂಸರ್ ನಾನು, ಹಕ್ಕು ನನ್ನದು' ಅಂತಾರೆ. ಸಾಹಿತ್ಯ ಬರೆದವನು ತನ್ನದು ಅಂತಾನೆ. ಯಾರದು?
— ಓದುಗರು, ಹಾಸನ

ಒಂದು ಹಾಡಿನಲ್ಲಿ ಮೂರು ಆಸ್ತಿ ಇರುತ್ತವೆ, ಅದೇ ನಿಮ್ಮ ಗೊಂದಲಕ್ಕೆ ಕಾರಣ. ಸಾಹಿತ್ಯ ಬರೆದವನದು, ರಾಗ ಹಾಕಿದವನದು, ಧ್ವನಿಮುದ್ರಣ 'ಪ್ರೊಡ್ಯೂಸರ್'ನದು. ಈ ಕೊನೆಯ ಪದವೇ ತೊಂದರೆ. ಸ್ಟುಡಿಯೋ ಭಾಷೆಯಲ್ಲಿ ಕನ್ಸೋಲ್ ಮುಂದೆ ಕೂತು ಸದ್ದು ತಿದ್ದಿದವನು ಪ್ರೊಡ್ಯೂಸರ್. ಕಾಯ್ದೆಯ ಭಾಷೆಯಲ್ಲಿ, ಆ ಮುದ್ರಣ ಆಗಲೆಂದು ಮುಂದೆ ನಿಂತು ಹೊಣೆ ಹೊತ್ತವನು. ಗಂಟೆಗಿಷ್ಟು ಎಂದು ಬಾಡಿಗೆ ತೆಗೆದುಕೊಂಡವರು ಅಷ್ಟಕ್ಕೇ ಪ್ರೊಡ್ಯೂಸರ್ ಆಗುವುದಿಲ್ಲ, ಕಲ್ಯಾಣಮಂಟಪದವರು ಮದುವೆ ಗಂಡಾಗುತ್ತಾರೆಯೇ? ಆದ್ದರಿಂದ ಮುದ್ರಣ ನಿಮ್ಮ ಐವರದು. ದುಡ್ಡು ಕಳಿಸಿದ ಯುಪಿಐ ದಾಖಲೆ, ಬಿಲ್, ದಿನ ಗೊತ್ತುಮಾಡಿದ ವಾಟ್ಸ್‌ಆ್ಯಪ್ ಮಾತುಕತೆ ಎಲ್ಲ ತೆಗೆದಿಡಿ. ಬರೀ ಎಂಪಿ3 ಇಸಿದುಕೊಂಡು ಬರಬೇಡಿ. ಪ್ರತಿ ವಾದ್ಯದ ಬೇರೆಬೇರೆ ವೇವ್ ಕಡತಗಳೂ ಇಡೀ ಸೆಷನ್ ಫೋಲ್ಡರೂ ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ನಿಮ್ಮ ಬಳಿ ಇರಬೇಕು. ಅದಿಲ್ಲದೆ ಮುಂದೆ ಮಿಕ್ಸ್ ಬದಲಿಸಲಾಗದು, ಕಾಗದದ ಮೇಲಿನ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಒಡೆದ ಬ್ಯಾಂಡಿನವರನ್ನು ಒಮ್ಮೆ ಕೂರಿಸಿ ಪಾಲುಪಟ್ಟಿ ಬರೆಯಿರಿ. ಹಾಡಿನ ಹೆಸರು, ದಿನಾಂಕ, ಸಾಹಿತ್ಯದಲ್ಲಿ ಯಾರಿಗೆಷ್ಟು, ರಾಗದಲ್ಲಿ ಯಾರಿಗೆಷ್ಟು, ಮುದ್ರಣದಲ್ಲಿ ಯಾರಿಗೆಷ್ಟು. ಮೂರು ಸಾಲೂ ಬೇರೆಬೇರೆಯಾಗಿ 100ಕ್ಕೆ ಕೂಡಬೇಕು, ಎಲ್ಲರ ಸಹಿ ಬೇಕು. ಡ್ರಮ್ಸ್ ನುಡಿಸಿದವನಿಗೆ ರಾಗದಲ್ಲಿ ಪಾಲಿದೆಯೇ ಎಂಬಲ್ಲಿ ಜಗಳ ಶುರುವಾಗುತ್ತದೆ. ರಾಕ್ ಸಂಗೀತದಲ್ಲಿ ಎಷ್ಟೋ ಸಲ ಹಾಡು ಹುಟ್ಟುವುದೇ ತಾಳದಿಂದ. ಅಂಥ ಹಾಡಿಗೆ ಸಮಪಾಲು ಬರೆಯುವುದೇ ವಾಸಿ.

ಕುವೆಂಪು ಕವಿತೆಯೊಂದನ್ನು ಎಲೆಕ್ಟ್ರಿಕ್ ಗಿಟಾರಿಗೆ ಕೂರಿಸಿದ್ದೇವೆ. ಅವರು ನಮ್ಮ ತಾಲ್ಲೂಕಿನವರೇ ಅಲ್ಲವೇ? ಒಂದೆರಡು ಸಾಲು ತಾಳಕ್ಕೆ ಹೊಂದಿಸಲು ಬದಲಿಸಿದ್ದೇವೆ.
— ಓದುಗರು, ಕೊಪ್ಪ

ಹಿರೇಕೊಡಿಗೆಯಲ್ಲಿ ಹುಟ್ಟಿದರು ಎನ್ನುವುದು ನಿಜ, ಅದರಿಂದ ಪರವಾನಗಿ ಸಿಗುವುದಿಲ್ಲ. ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ಕುವೆಂಪು ತೀರಿಕೊಂಡದ್ದು 1994ರಲ್ಲಿ, ಆದ್ದರಿಂದ 2054ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬರಹದಲ್ಲೇ ಬೇಕು. ಬೇಂದ್ರೆಯವರದಾದರೆ 2041ರವರೆಗೆ. ಸಾಲು ಬದಲಿಸುವುದು ಇನ್ನೊಂದು ತಪ್ಪು: ಕೃತಿಯನ್ನು ವಿಕಾರಗೊಳಿಸಿದರೆ ಆಕ್ಷೇಪಿಸುವ ಹಕ್ಕು 57ನೇ ಕಲಮಿನಡಿ ಬೇರೆಯೇ ಇದೆ. ತಾಳವನ್ನೇ ಸಾಲಿಗೆ ಬಗ್ಗಿಸಿ. ಮೂರೂವರೆ ಮಾತ್ರೆ ಉಳಿದರೆ ಗಿಟಾರ್ ತುಂಬಲಿ.

ವಚನ, ದಾಸರ ಪದ, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಆದರೆ ಶರೀಫರ ಪದ ಎಂದು ಎಲ್ಲರ ಕಿವಿಯಲ್ಲಿರುವ ಧಾಟಿಗಳಲ್ಲಿ ಹಲವು, ನಮ್ಮ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಹಾಕಿದ ರಾಗಗಳು. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ರಾಗದ ಹಕ್ಕು ಇನ್ನೂ ದಶಕಗಳ ಕಾಲ ಜೀವಂತ. ಪದ ಹಳೆಯದು, ರಾಗ ನಿನ್ನೆಯದು ಎನ್ನುವುದನ್ನು ಗಮನಿಸದೆ ಬ್ಯಾಂಡ್‌ಗಳು ಬಹಳ ಎಡವುವುದು ಇಲ್ಲೇ. ಪದ ಅವರದಿರಲಿ, ರಾಗ ನಿಮ್ಮದೇ ಹಾಕಿ.

ದೊಡ್ಡ ಕಂಪನಿಗೆ ಸಹಿ ಹಾಕಿದ ಆಲ್ಟರ್ನೇಟಿವ್ ಬ್ಯಾಂಡ್‌ಗಳೆಲ್ಲ ಮಾರಿಕೊಂಡವರೇ ಅಂತ ನಮ್ಮ ಗುಂಪಲ್ಲಿ ವಾದ. ನಿಮ್ಮ ಅಭಿಪ್ರಾಯ?
— ಓದುಗರು, ಸಕಲೇಶಪುರ

ಅಮೆರಿಕದ ಆರ್‌ಇಎಂ ಬ್ಯಾಂಡ್ ಮೊದಲು ಐಆರ್‌ಎಸ್ ಎಂಬ ಸಣ್ಣ ಲೇಬಲ್‌ನಲ್ಲಿ ಕೇಳುಗರನ್ನು ಗಳಿಸಿಕೊಂಡು, 1988ರಲ್ಲಿ ದೊಡ್ಡ ಕಂಪನಿ ವಾರ್ನರ್‌ಗೆ ಹೋಯಿತು. ಸಾನಿಕ್ ಯೂತ್ 1990ರಲ್ಲಿ ಗೆಫೆನ್‌ಗೆ ಹೋದದ್ದು ಸಂಗೀತದ ಹಿಡಿತ ತಮ್ಮಲ್ಲೇ ಇರಬೇಕೆಂದು ಬರೆಸಿಕೊಂಡು. ಇವರು ಮಾರಿಕೊಂಡರು ಎನ್ನುವುದು ನ್ಯಾಯವಲ್ಲ. ಬೆಲೆ ಗೊತ್ತಾದ ಮೇಲೆ ಸಂತೆಗೆ ಹೋದರು. ನಿರ್ವಾಣ ಬ್ಯಾಂಡಿನ ಕಥೆ ಸ್ವಲ್ಪ ಬೇರೆ. 1989ರ ಮೊದಲ ಆಲ್ಬಂ 'ಬ್ಲೀಚ್' ಮುದ್ರಣಕ್ಕೆ ಆದ ಖರ್ಚು 606 ಡಾಲರ್ 17 ಸೆಂಟ್. 1993ರ 'ಇನ್ ಯೂಟೆರೊ' ಹೊತ್ತಿಗೆ ಅವರು ಲೋಕಪ್ರಸಿದ್ಧರು. ಮುದ್ರಿಸಿದ ಸ್ಟೀವ್ ಆಲ್ಬಿನಿ 1 ಲಕ್ಷ ಡಾಲರ್ ಕೂಲಿ ಮಾತ್ರ ತೆಗೆದುಕೊಂಡು ರಾಯಲ್ಟಿ ಬೇಡವೆಂದರು. ಪ್ಲಂಬರ್‌ಗೆ ಕೊಡುವ ಹಾಗೆ ಕೂಲಿ ಕೊಡಿ ಎಂಬುದು ಅವರ ನಿಲುವು. ಆದರೂ ಕಂಪನಿಗೆ ಸದ್ದು ಒರಟೆನಿಸಿತು, ಬ್ಯಾಂಡಿನವರಿಗೇ ಅನುಮಾನ ಬಂತು, ಸಿಂಗಲ್ (ಬಿಡಿ ಹಾಡು) ಆಗಿ ಬರಬೇಕಿದ್ದ ಎರಡು ಹಾಡುಗಳನ್ನು ಸ್ಕಾಟ್ ಲಿಟ್ ಮತ್ತೆ ಮಿಕ್ಸ್ ಮಾಡಿದರು. ಉಳಿದದ್ದು ಬಹುಮಟ್ಟಿಗೆ ಹಾಗೇ ಹೊರಬಂತು. ಅದನ್ನು ಸೋಲೆನ್ನುವವರು ಉಂಟು, ನಮಗೆ ಹಾಗನ್ನಿಸುವುದಿಲ್ಲ.

ಇನ್ನೊಂದು ದಾರಿ ವಾಷಿಂಗ್ಟನ್‌ನ ಡಿಸ್ಕಾರ್ಡ್ ಲೇಬಲ್‌ನದು: ಕರಾರಿಲ್ಲ, ಕೈ ಕುಲುಕಿದರೆ ಮುಗಿಯಿತು. ಅವರ ಫುಗಾಜಿ ಬ್ಯಾಂಡ್ ಟಿಕೆಟ್ ದರವನ್ನು 5 ಡಾಲರ್ ಆಸುಪಾಸಿನಲ್ಲೇ ಇಟ್ಟುಕೊಂಡು ಬಂತು. ನಡೆಸುವವರೇ ನುಡಿಸುವವರೂ ಆದ್ದರಿಂದ ಅದು ನಡೆಯಿತು. ಮ್ಯಾಂಚೆಸ್ಟರ್‌ನ ಫ್ಯಾಕ್ಟರಿ ಲೇಬಲ್ ಕೂಡ ಹೀಗೇ, ಆದಾಯ ಅರ್ಧರ್ಧ, ಕರಾರಿಲ್ಲ. 1992ರಲ್ಲಿ ಅದು ದಿವಾಳಿಯಾದಾಗ ಕೊಳ್ಳಲು ಬಂದವರಿಗೆ ಸಿಕ್ಕಿದ್ದು, ಸಂಗೀತವೆಲ್ಲ ಕಲಾವಿದರದು, ಕಂಪನಿಯದು ಏನೂ ಇಲ್ಲ ಎಂಬರ್ಥದ ಹಳೆಯ ಕಾಗದ! ಬ್ಯಾಂಡ್‌ಗಳಿಗೆ ಅದರಿಂದ ಒಳ್ಳೆಯದೇ ಆಯಿತು. ಆದರೆ ಬಾಯಿಮಾತು ಎಲ್ಲ ಕಡೆ ಹೀಗೇ ತಿರುಗುತ್ತದೆ ಎಂದುಕೊಳ್ಳಬೇಡಿ. ಒಂದು ಪುಟವಾದರೂ ಇರಲಿ.

ಲೇಬಲ್ ದುಡ್ಡೇ ಬೇಡ ಅಂತ ಮನೆಯಲ್ಲೇ ರೆಕಾರ್ಡ್ ಮಾಡೋಣ ಅಂತಿದ್ದೀವಿ. ಕಾಫಿ ತೋಟದ ಮನೆ, ಶೀಟ್ ಮಾಡು. ಜುಲೈನಲ್ಲಿ ಎಲ್ಲರಿಗೂ ಬಿಡುವು.
— ಓದುಗರು, ಮೂಡಿಗೆರೆ

ಜುಲೈನಲ್ಲಿ ಹಾಡು ಬರೆಯಿರಿ, ಡ್ರಮ್ಸ್ ಮಾತ್ರ ಬೇಡ. ಶೀಟಿನ ಮೇಲೆ ಬೀಳುವ ಮಳೆ ಸದ್ದು ಎಲ್ಲ ಸ್ವರಮಟ್ಟದಲ್ಲೂ ಹರಡಿರುತ್ತದೆ, ಆಮೇಲೆ ಯಾವ ಸಾಫ್ಟ್‌ವೇರಿನಿಂದ ಒರೆಸಿದರೂ ಸಿಂಬಲ್‌ಗಳ ಹೊಳಪೂ ಜೊತೆಗೇ ಹೋಗುತ್ತದೆ. ತೇವದಲ್ಲಿ ಕಂಡೆನ್ಸರ್ ಮೈಕ್‌ಗಳು ಚಟಪಟ ಎನ್ನುತ್ತವೆ. ಬಳಸಲೇಬೇಕಾದರೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಡೈನಾಮಿಕ್ ಮೈಕ್ ಗಟ್ಟಿ ಪಿಂಡ, ಹೆಚ್ಚು ತೊಂದರೆ ಕೊಡದು. ಮರದ ಗಿಟಾರಿಗೆ ಬೇಕಾದ ತೇವಾಂಶ ಶೇ 45ರಿಂದ 55. ಮಳೆಗಾಲದ ಮಲೆನಾಡಿನಲ್ಲಿ ಮರ ಉಬ್ಬಿ, ತಂತಿ ಮೇಲೇರಿ, ಹನ್ನೆರಡನೇ ಫ್ರೆಟ್ಟಿನಲ್ಲಿ ಶ್ರುತಿ ಹೊಂದುವುದಿಲ್ಲ. ಒಂದು ಹೈಗ್ರೋಮೀಟರ್ ಕೊಂಡು ಕೇಸಿನೊಳಗಿಡಿ.

ಎಲೆಕ್ಟ್ರಿಕ್ ಗಿಟಾರ್, ಬೇಸ್ ಎರಡನ್ನೂ ನೇರ ಇಂಟರ್‌ಫೇಸಿಗೆ (ವಾದ್ಯವನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಹಾಕಿ ಜುಲೈನಲ್ಲೇ ಮುಗಿಸಬಹುದು, ಮಳೆ ಅಲ್ಲಿಗೆ ತಲುಪುವುದಿಲ್ಲ. ಎರಡು ಇನ್‌ಪುಟ್ಟಿನ ಇಂಟರ್‌ಫೇಸ್ ಸಾಕು. 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಮಟ್ಟ ಮೈನಸ್ 10 ಡೆಸಿಬೆಲ್ ದಾಟದಿರಲಿ. ಗುಂಯ್ ಎಂಬ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನೋಡಿ. ನಿಂತರೆ ಮನೆಯ ಅರ್ಥಿಂಗ್ ಪರೀಕ್ಷಿಸಿ. ಡ್ರಮ್ಸಿಗೆ ಡಿಸೆಂಬರಿನ ನಂತರ ಯಾರ ಮನೆಯದಾದರೂ ತಾರಸಿ ಹಾಲ್ ಹಿಡಿಯಿರಿ, ತೋಟದ ಮನೆಯಲ್ಲಿ ಆಗ ಕಾಫಿ ಹಣ್ಣು ಸುಲಿಯುವ ಪಲ್ಪರ್ ಓಡುತ್ತಿರುತ್ತದೆ. ನಾಲ್ಕೇ ಮೈಕ್ ಇದ್ದರೂ ನಡೆಯುತ್ತದೆ, ಆದರೆ ಅದಕ್ಕೆ ನಾಲ್ಕು ಇನ್‌ಪುಟ್ಟಿನ ಇಂಟರ್‌ಫೇಸ್ ಎರಡು ದಿನಕ್ಕೆ ಎರವಲು ತನ್ನಿ: ಕಿಕ್ ಡ್ರಮ್ಮಿಗೊಂದು, ಸ್ನೇರ್ ಡ್ರಮ್ಮಿಗೊಂದು, ಮೇಲೆರಡು. ಮೇಲಿನ ಎರಡೂ ಸ್ನೇರ್‌ನ ನಡುಬಿಂದುವಿನಿಂದ ಒಂದೇ ದೂರದಲ್ಲಿರಲಿ, ದಾರ ಹಿಡಿದು ಅಳೆಯಿರಿ. ಹೆಚ್ಚುಕಮ್ಮಿಯಾದರೆ ಸ್ನೇರ್ ಸದ್ದು ಒಳಗೊಳಗೇ ಕಳೆದು ತೆಳ್ಳಗಾಗುತ್ತದೆ.

ನಾವೇ ಬಿಡುಗಡೆ ಮಾಡಿದ ಹಾಡಿಗೆ ಯೂಟ್ಯೂಬಿನಲ್ಲಿ ಬೇರೆ ಯಾರದೋ ಕ್ಲೈಮ್ ಬಂದಿದೆ. ಎಲ್ಲವೂ ನಮ್ಮದೇ ಸ್ವಂತ.
— ಓದುಗರು, ಬೇಲೂರು

ಡ್ರಮ್ ಲೂಪ್ (ಮತ್ತೆ ಮತ್ತೆ ಸುತ್ತುವ ಸಿದ್ಧ ತಾಳದ ತುಣುಕು) ಕೂಡ ಸ್ವಂತವೇ? ಉಚಿತವಾಗಿ ಇಳಿಸಿಕೊಂಡ ಲೂಪನ್ನು ಸಾವಿರ ಜನ ಬಳಸಿರುತ್ತಾರೆ, ಅವರಲ್ಲಿ ಒಬ್ಬರು ತಮ್ಮ ಹಾಡನ್ನು ಕಂಟೆಂಟ್ ಐಡಿಗೆ (ಹಾಡನ್ನು ತಾನಾಗಿ ಗುರುತು ಹಿಡಿಯುವ ಯೂಟ್ಯೂಬಿನ ವ್ಯವಸ್ಥೆ) ಸೇರಿಸಿದರೆ ಉಳಿದವರಿಗೆಲ್ಲ ಕ್ಲೈಮ್. ಲೂಪಿನ ಪರವಾನಗಿ ಪತ್ರ ಹಾಕಿ ಡಿಸ್ಪ್ಯೂಟ್ ಮಾಡಿ. ಮತ್ತೆ ಆ ಹಾಡಿಗೆ ನೀವೂ ಕಂಟೆಂಟ್ ಐಡಿ ಹಾಕಬೇಡಿ.

ಬೇರೆ ಕೆಲವರೂ ಸ್ವಂತ ಬಿಡುಗಡೆಯ ಬಗ್ಗೆ ಕೇಳಿದ್ದಾರೆ, ಒಟ್ಟಿಗೆ ಹೇಳುತ್ತೇವೆ. ಪ್ರತಿ ಮುದ್ರಣಕ್ಕೂ 12 ಅಕ್ಷರ-ಅಂಕಿಯ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಅದನ್ನು ಡೈರಿಯಲ್ಲಿ ಬರೆದಿಡಿ. ಮುಂದೆ, ಹಾಡನ್ನು ಆನ್‌ಲೈನ್ ತಾಣಗಳಿಗೆ ತಲುಪಿಸುವ ವಿತರಕರನ್ನು ಬದಲಿಸುವಾಗ ಅದೇ ಸಂಖ್ಯೆ ಕೊಡದಿದ್ದರೆ ಅಲ್ಲಿಯವರೆಗೆ ಕೇಳಿದ ಲೆಕ್ಕ ಸೊನ್ನೆಗೆ ಬೀಳಬಹುದು. ವಾರ್ಷಿಕ ಶುಲ್ಕದ ವಿತರಕರಾದರೆ ಕಟ್ಟುವುದನ್ನು ಮರೆತ ವರ್ಷ ಹಾಡು ಮಾಯವಾಗುವ ಅಪಾಯವಿದೆ. ಮುಖಚಿತ್ರ 3000 ಪಿಕ್ಸೆಲ್ ಚೌಕ, ಕಡತ ವೇವ್, ಬಿಡುಗಡೆಗೆ ನಾಲ್ಕು ವಾರ ಮೊದಲೇ ಏರಿಸಿ. 12 ತಿಂಗಳಲ್ಲಿ 1000 ಸಲವೂ ಕೇಳದ ಹಾಡಿಗೆ ಸ್ಪಾಟಿಫೈ 2024ರಿಂದ ದುಡ್ಡು ಕೊಡುವುದಿಲ್ಲ, ಆದ್ದರಿಂದ ಹತ್ತು ಹಾಡು ಒಮ್ಮೆಗೇ ಸುರಿಯಬೇಡಿ.

ಮಾಸ್ಟರಿಂಗ್‌ನಲ್ಲಿ ಸದ್ದು ಏರಿಸುವ ಚಟವೂ ಬೇಡ. ಸ್ಪಾಟಿಫೈ ಎಲ್ಲ ಹಾಡನ್ನೂ ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸದ್ದಿನ ಅಳತೆ) ಮಟ್ಟಕ್ಕೆ ತರುತ್ತದೆ. ನೀವು ಮೈನಸ್ 8ಕ್ಕೆ ಹಿಂಡಿ ಕಳಿಸಿದರೆ ಅದು 6 ಡೆಸಿಬೆಲ್ ಇಳಿಸುತ್ತದೆ. ಚರಣ ಮೆಲ್ಲಗೆ, ಪಲ್ಲವಿ ಸಿಡಿದಂತೆ ಇರುವುದೇ ಈ ಸಂಗೀತದ ಜೀವ. ಹಿಂಡಿದ ಮೇಲೆ ಎರಡೂ ಒಂದೇ ಎತ್ತರ, ಸದ್ದೂ ಹೆಚ್ಚಲಿಲ್ಲ.

ಸಿ.ಡಿಯನ್ನು ನಮಗೆ ನಾವೇ ಪೋಸ್ಟ್ ಮಾಡಿಕೊಂಡು ಒಡೆಯದೆ ಇಟ್ಟರೆ ಕಾಪಿರೈಟ್ ಆಗುತ್ತಾ?
— ಓದುಗರು, ಅರಸೀಕೆರೆ

ಹಾಡು ಹುಟ್ಟಿದ ಗಳಿಗೆಯಲ್ಲೇ ಕಾಪಿರೈಟ್ ಆಗಿರುತ್ತದೆ, ಅಂಚೆಯವರ ಮುದ್ರೆ ಅದಕ್ಕೇನೂ ಸೇರಿಸುವುದಿಲ್ಲ. ಸಾಕ್ಷಿ ಬೇಕೆಂದರೆ ನೋಂದಣಿ ಮಾಡಿಸಿ. ಸಾಹಿತ್ಯ ಅಥವಾ ರಾಗಕ್ಕೆ ತಲಾ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000 ರೂಪಾಯಿ. ಅರ್ಜಿ ಹಾಕಿದ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಎಲ್ಲ ಹಾಡಿಗೂ ಮಾಡಿಸಲು ಹೋಗಬೇಡಿ, ಯಾರಾದರೂ ಕೊಳ್ಳಲು ಕೇಳಿಕೊಂಡು ಬಂದ ಹಾಡಿಗೆ ಸಾಕು.